‘ಹನ್ನಾ ಆರೆಂಟ್’ ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ನಿರ್ದೇಶಕಿ ಮಾರ್ಗರೆಥೆ ಫಾನ್ ಟ್ರೋಟಾ ಅವರ ‘ಹನ್ನಾ ಆರೆಂಟ್’ 2012ರ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್‌ನ ವಿಚಾರಣೆಯನ್ನು ಜೆರುಸಲೇಮಿನಲ್ಲಿ ಕುಳಿತು ನೋಡಿ, ಕೆಡುಕು ಎಂದರೇನು ಎಂದು ಯೋಚಿಸಿದ ಚಿಂತಕಿ ಹನ್ನಾ ಆರೆಂಟ್ ಅವರ ಕಥೆ ಇದು. ಚಿತ್ರ ನೋಡಿದವರೂ ನೋಡಬೇಕೆಂದಿರುವವರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಚಿತ್ರದ ಕೊನೆಯವರೆಗಿನ ವಿವರಗಳು ಉತ್ತರಗಳಲ್ಲಿ ಬರುತ್ತವೆ. ನಡೆದುಹೋದ ಇತಿಹಾಸವಾದ್ದರಿಂದ ಅದರಿಂದ ನೋಡುವ ಅನುಭವಕ್ಕೆ ಧಕ್ಕೆಯಾಗದು.

ಇದು ಆರೆಂಟ್ ಅವರ ಇಡೀ ಬದುಕಿನ ಕಥೆಯೇ?

ಅಲ್ಲ. 1960ರಿಂದ ಸುಮಾರು ನಾಲ್ಕು ವರ್ಷಗಳ ಅವಧಿ ಮಾತ್ರ. ಹುಟ್ಟಿನಿಂದ ಸಾವಿನವರೆಗೆ ಓಡುವ ಜೀವನಚಿತ್ರಗಳಲ್ಲಿ ಎಲ್ಲವೂ ಬರುತ್ತದೆ, ಯಾವುದೂ ನಿಲ್ಲುವುದಿಲ್ಲ. ಫಾನ್ ಟ್ರೋಟಾ ಒಂದೇ ಬಿಕ್ಕಟ್ಟನ್ನು ಆರಿಸಿಕೊಂಡದ್ದು ಈ ಚಿತ್ರದ ದೊಡ್ಡ ಬಲ.

ಆದರೆ ಹಿನ್ನೆಲೆ ತಿಳಿದಿದ್ದರೆ ಚಿತ್ರ ಇನ್ನಷ್ಟು ತೆರೆದುಕೊಳ್ಳುತ್ತದೆ. ಆರೆಂಟ್ ಹುಟ್ಟಿದ್ದು 1906ರಲ್ಲಿ, ಹ್ಯಾನೋವರ್ ಬಳಿಯ ಲಿಂಡೆನ್‌ನಲ್ಲಿ. ಬೆಳೆದದ್ದು ತತ್ವಜ್ಞಾನಿ ಕಾಂಟ್ ಬದುಕಿದ್ದ ಕೋನಿಗ್ಸ್‌ಬರ್ಗ್‌ನಲ್ಲಿ. ಮಾರ್ಬುರ್ಗ್‌ನಲ್ಲಿ ತತ್ವಜ್ಞಾನಿ ಹೈಡೆಗರ್ ಬಳಿ ಓದಿದರು. ಹೈಡೆಲ್‌ಬರ್ಗ್‌ನಲ್ಲಿ ಇನ್ನೊಬ್ಬ ತತ್ವಜ್ಞಾನಿ ಯಾಸ್ಪರ್ಸ್ ಮಾರ್ಗದರ್ಶನದಲ್ಲಿ ಸಂತ ಅಗಸ್ಟೀನನ ಪ್ರೇಮದ ಕಲ್ಪನೆಯನ್ನು ಕುರಿತು ಪ್ರಬಂಧ ಬರೆದರು. 1933ರಲ್ಲಿ ಬರ್ಲಿನ್‌ನಲ್ಲಿ ಪೊಲೀಸರು ಬಂಧಿಸಿದರು. ಕೆಲವೇ ದಿನಗಳಲ್ಲಿ ಬಿಡುಗಡೆಯಾಗಿ ಪ್ಯಾರಿಸ್‌ಗೆ ತಪ್ಪಿಸಿಕೊಂಡರು. 1940ರಲ್ಲಿ ಫ್ರೆಂಚರೇ ಅವರನ್ನು ಗುರ್ಸ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿಂದ ಪಾರಾಗಿ, ಲಿಸ್ಬನ್ ಮೂಲಕ 1941ರಲ್ಲಿ ನ್ಯೂಯಾರ್ಕ್ ಸೇರಿದರು. ಗುರ್ಸ್‌ನ ದಿನಗಳನ್ನು ಅವರು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವ ದೃಶ್ಯವೊಂದು ಚಿತ್ರದಲ್ಲಿದೆ. ಜೆರುಸಲೇಮಿನಲ್ಲಿ ಕುಳಿತಿದ್ದವರು ದೂರದ ವೀಕ್ಷಕಿಯಲ್ಲ, ಐಕ್‌ಮನ್‌ನ ರೈಲುಗಳಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಯಹೂದಿ ಹೆಣ್ಣುಮಗಳು ಎಂಬುದನ್ನು ಆ ದೃಶ್ಯ ನೆನಪಿಸುತ್ತದೆ.

ಅಡಾಲ್ಫ್ ಐಕ್‌ಮನ್ ಯಾರು? ಅವನನ್ನು ಹಿಡಿದದ್ದು ಹೇಗೆ?

ನಾಜಿ ಭದ್ರತಾ ಕಚೇರಿಯಲ್ಲಿ ಯಹೂದಿಗಳ ಗಡೀಪಾರಿನ ಹೊಣೆ ಹೊತ್ತಿದ್ದ ವಿಭಾಗದ ಮುಖ್ಯಸ್ಥ. ಯುರೋಪಿನ ಮೂಲೆಮೂಲೆಗಳಿಂದ ಶಿಬಿರಗಳಿಗೆ ಹೊರಟ ರೈಲುಗಳ ವ್ಯವಸ್ಥೆ ಅವನ ಮೇಜಿನ ಮೇಲಿಂದ ಸಾಗುತ್ತಿತ್ತು. 1942ರ ಜನವರಿ 20ರಂದು ಬರ್ಲಿನ್ ಹೊರವಲಯದ ವಾನ್‌ಸೀಯಲ್ಲಿ ಹಿರಿಯ ಅಧಿಕಾರಿಗಳು ಸಭೆ ಸೇರಿ ಯಹೂದಿಗಳ ನಿರ್ಮೂಲನದ ಬಗ್ಗೆ ಮಾತಾಡಿದಾಗ ನಡಾವಳಿ ಸಿದ್ಧಪಡಿಸಿದವನು ಅವನೇ.

ಯುದ್ಧ ಮುಗಿದ ಮೇಲೆ ರಿಕಾರ್ಡೊ ಕ್ಲೆಮೆಂಟ್ ಎಂಬ ಹೆಸರಿನಲ್ಲಿ ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದ. 1960ರ ಮೇ 11ರ ಸಂಜೆ, ಕೆಲಸ ಮುಗಿಸಿ ಬಸ್ ಇಳಿದು ಮನೆಗೆ ನಡೆದು ಬರುತ್ತಿದ್ದಾಗ ಇಸ್ರೇಲಿನ ಗೂಢಚಾರರು ಹಿಡಿದರು. ಚಿತ್ರ ಶುರುವಾಗುವುದು ಇಲ್ಲಿಂದಲೇ. ವಿಚಾರಣೆ 1961ರ ಏಪ್ರಿಲ್ 11ರಂದು ಜೆರುಸಲೇಮಿನಲ್ಲಿ ಆರಂಭವಾಯಿತು. ಡಿಸೆಂಬರಿನಲ್ಲಿ ಮರಣದಂಡನೆ ವಿಧಿಸಲಾಯಿತು. 1962ರ ಮೇ 31ರ ನಡುರಾತ್ರಿಯ ಹೊತ್ತಿಗೆ ಗಲ್ಲಿಗೇರಿಸಿ, ಚಿತಾಭಸ್ಮವನ್ನು ಇಸ್ರೇಲಿನ ಗಡಿಯಾಚೆಯ ಸಮುದ್ರಕ್ಕೆ ಚೆಲ್ಲಿದರು.

ಚಿತ್ರದಲ್ಲಿ ಐಕ್‌ಮನ್ ಪಾತ್ರವನ್ನು ಮಾಡಿದ ನಟ ಯಾರು?

ವಿಚಾರಣೆಯ ದೃಶ್ಯಗಳಲ್ಲಿ ನಟನೇ ಇಲ್ಲ. ನೀವು ನೋಡುವುದು ನಿಜವಾದ ಐಕ್‌ಮನ್‌ನನ್ನು. ಇಡೀ ವಿಚಾರಣೆಯನ್ನು ಆಗ ಕ್ಯಾಮೆರಾದಲ್ಲಿ ಸೆರೆಹಿಡಿಯಲಾಗಿತ್ತು; ಆ ಕಪ್ಪುಬಿಳುಪು ದೃಶ್ಯಗಳನ್ನೇ ಫಾನ್ ಟ್ರೋಟಾ ಬಳಸಿದ್ದಾರೆ. ಪತ್ರಕರ್ತರ ಕೋಣೆಯಲ್ಲಿ ಕುಳಿತ ಆರೆಂಟ್ ಟಿವಿ ಪರದೆಯ ಮೇಲೆ ಅವನನ್ನು ನೋಡುತ್ತಾರೆ. ನಾವೂ ಅವರ ಭುಜದ ಹಿಂದಿನಿಂದ ನೋಡುತ್ತೇವೆ.

ಇದು ಚಿತ್ರದ ಅತ್ಯಂತ ಪ್ರಾಮಾಣಿಕ ನಿರ್ಧಾರ ಎಂದು ನನ್ನ ನಂಬಿಕೆ. ಎಷ್ಟೇ ಸಮರ್ಥ ನಟ ಆ ಪಾತ್ರ ಮಾಡಿದ್ದರೂ ನಾವು ಅವನ ಅಭಿನಯವನ್ನು ಅಳೆಯುತ್ತಿದ್ದೆವು. ಇಲ್ಲಿ ಅದಕ್ಕೆ ಆಸ್ಪದವಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ದಪ್ಪ ಕನ್ನಡಕ ಹಾಕಿಕೊಂಡು ಕುಳಿತ ಮನುಷ್ಯ ಕಾಗದಗಳನ್ನು ಸರಿಪಡಿಸಿಕೊಳ್ಳುತ್ತಾನೆ, ಬಾಯಿಯನ್ನು ಒಂದು ಬದಿಗೆ ಎಳೆಯುತ್ತಾನೆ, ನ್ಯಾಯಾಧೀಶರ ಪ್ರಶ್ನೆಗೆ ಎದ್ದುನಿಂತು ಉತ್ತರಿಸುತ್ತಾನೆ. ಆರೆಂಟ್ ಕಂಡದ್ದನ್ನೇ ಕಾಣುವ, ಅವರು ತೀರ್ಮಾನಿಸಿದ್ದು ಸರಿಯೇ ಎಂದು ನಮ್ಮ ಕಣ್ಣಿನಿಂದಲೇ ಪರೀಕ್ಷಿಸುವ ಅವಕಾಶವನ್ನು ನಿರ್ದೇಶಕಿ ನಮಗೆ ಬಿಟ್ಟುಕೊಟ್ಟಿದ್ದಾರೆ.

‘ಕೆಡುಕಿನ ಸಾಧಾರಣತೆ’ ಎಂದರೆ ಏನು?

1963ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಆರೆಂಟ್ ಅವರ ವರದಿ ಐದು ಕಂತುಗಳಲ್ಲಿ ಬಂತು. ಅದೇ ವರ್ಷ ‘ಐಕ್‌ಮನ್ ಇನ್ ಜೆರುಸಲೇಮ್’ ಎಂಬ ಪುಸ್ತಕವಾಯಿತು. ಅದರ ಉಪಶೀರ್ಷಿಕೆಯಲ್ಲಿರುವ ಮಾತು ಇದು.

ಜೆರುಸಲೇಮಿಗೆ ಹೋಗುವಾಗ ಅವರು ರಾಕ್ಷಸನನ್ನು ಕಾಣುವ ನಿರೀಕ್ಷೆಯಲ್ಲಿದ್ದರು. ಕಂಡದ್ದು ಸವಕಲು ಮಾತುಗಳ ಮೂಟೆಯನ್ನು. ಕಚೇರಿಯ ಭಾಷೆಯೇ ತನ್ನ ಏಕೈಕ ಭಾಷೆ ಎಂದು ಐಕ್‌ಮನ್ ನ್ಯಾಯಾಲಯದಲ್ಲಿ ತಾನೇ ಹೇಳಿಕೊಂಡ. ಪೊಲೀಸ್ ವಿಚಾರಣೆಯ 3,600 ಪುಟಗಳ ದಾಖಲೆಯನ್ನು ಓದುವಾಗ ಎಷ್ಟೋ ಸಲ ಗಟ್ಟಿಯಾಗಿ ನಕ್ಕೆ ಎಂದು ಆರೆಂಟ್ 1964ರ ಒಂದು ಟಿವಿ ಸಂದರ್ಶನದಲ್ಲಿ ಹೇಳಿದ್ದಾರೆ. ಆ ನಗು ಅನೇಕರಿಗೆ ಸಹಿಸಲಾಗಲಿಲ್ಲ.

ಪುಸ್ತಕದಲ್ಲಿರುವ ಒಂದು ಪ್ರಸಂಗ ಸಿದ್ಧಾಂತಕ್ಕಿಂತ ಚೆನ್ನಾಗಿ ವಿಷಯವನ್ನು ತಿಳಿಸುತ್ತದೆ. ಬೆರ್ಟೋಲ್ಡ್ ಸ್ಟೋರ್ಫರ್ ಎಂಬುವರು ವಿಯೆನ್ನಾದ ಯಹೂದಿ ಸಮುದಾಯದ ಪ್ರಮುಖರು. ವಲಸೆಯ ಕೆಲಸದಲ್ಲಿ ಐಕ್‌ಮನ್‌ನ ಕಚೇರಿಯೊಂದಿಗೆ ವ್ಯವಹರಿಸಿದ್ದವರು. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಆಶ್ವಿಟ್ಸ್ ಸಾವಿನ ಶಿಬಿರ ಸೇರಿದರು. ಐಕ್‌ಮನ್ ಅಲ್ಲಿಗೆ ಹೋಗಿ ಅವರನ್ನು ಭೇಟಿಯಾದ. ನಿಮ್ಮ ಅದೃಷ್ಟ ಕೆಟ್ಟಿತು ಎಂಬಂತೆ ಮರುಗಿದ. ದುಡಿಮೆಯಿಂದ ವಿನಾಯಿತಿ ಕೊಡಿಸಲಾಗದು ಎಂದು ಗೊತ್ತಾದಾಗ, ಕಾಲುದಾರಿಗಳ ಜಲ್ಲಿಯನ್ನು ಪೊರಕೆ ಹಿಡಿದು ಸರಿಮಾಡುವ ಹಗುರ ಕೆಲಸ ಕೊಡಿಸಿದ. ಬೇಕೆನಿಸಿದಾಗ ಬೆಂಚಿನ ಮೇಲೆ ಕೂರಬಹುದು ಎಂದ. ಇಬ್ಬರೂ ಕೈಕುಲುಕಿದರು. ಇದನ್ನು ಹೇಳುವಾಗ ಐಕ್‌ಮನ್‌ಗೆ ಅದೊಂದು ಮನುಷ್ಯ ಸಹಜವಾದ, ಮನಸ್ಸಿಗೆ ಸಂತೋಷ ಕೊಟ್ಟ ಭೇಟಿ. ಆರು ವಾರಗಳ ನಂತರ ಸ್ಟೋರ್ಫರ್ ಅವರನ್ನು ಗುಂಡಿಟ್ಟು ಕೊಂದರು.

ಈ ಕಥೆಯಲ್ಲಿ ಐಕ್‌ಮನ್ ದ್ವೇಷ ಕಾರುತ್ತಿಲ್ಲ. ಎದುರಿಗಿರುವವನು ಎಲ್ಲಿ ನಿಂತಿದ್ದಾನೆ, ಅವನನ್ನು ಅಲ್ಲಿ ನಿಲ್ಲಿಸಿದ ಯಂತ್ರವನ್ನು ನಡೆಸುತ್ತಿರುವವನು ಯಾರು ಎಂಬುದು ಅವನ ತಲೆಯೊಳಗೆ ಇಳಿಯುವುದೇ ಇಲ್ಲ. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಲಾರದ ಈ ಸ್ಥಿತಿಗೆ ಆರೆಂಟ್ ಬೆರಳಿಟ್ಟರು. ದಡ್ಡತನ ಬೇರೆ, ಇದು ಬೇರೆ. ತನ್ನೊಂದಿಗೆ ತಾನು ಮಾತಾಡಿಕೊಳ್ಳುವುದನ್ನು ನಿಲ್ಲಿಸಿದವನಿಗೆ ತಾನು ಮಾಡುತ್ತಿರುವುದು ಏನೆಂದು ತಿಳಿಯದು. ಅಂಥವನಿಂದ ಆಗುವ ಕೇಡಿಗೆ ಮಿತಿಯೂ ಇರದು.

ಹಾಗಾದರೆ ‘ನಮ್ಮೆಲ್ಲರೊಳಗೂ ಒಬ್ಬ ಐಕ್‌ಮನ್ ಇದ್ದಾನೆ’ ಎಂದು ಅವರು ಹೇಳಿದರೇ?

ಇಲ್ಲ. ಈ ಮಾತನ್ನು ಅವರ ತಲೆಗೆ ಕಟ್ಟುವುದನ್ನು ನೋಡಿದಾಗ ಬೇಸರವಾಗುತ್ತದೆ. ಅವರು ಅದನ್ನು ಸ್ಪಷ್ಟವಾಗಿಯೇ ತಳ್ಳಿಹಾಕಿದ್ದರು. ಎಲ್ಲರೂ ತಪ್ಪಿತಸ್ಥರು ಎಂದರೆ ಯಾರೂ ತಪ್ಪಿತಸ್ಥರಲ್ಲ ಎಂದಾಗಿಬಿಡುತ್ತದೆ ಎಂಬುದು ಅವರ ನಿಲುವು. ಅದೇ ಪುಸ್ತಕದಲ್ಲಿ ಆಂಟನ್ ಷ್ಮಿಡ್ ಎಂಬ ಜರ್ಮನ್ ಸೇನೆಯ ಸಾರ್ಜೆಂಟನ ಪ್ರಸ್ತಾಪ ಬರುತ್ತದೆ. ಲಿಥುವೇನಿಯಾದ ವಿಲ್ನಾದಲ್ಲಿ ಯಹೂದಿಗಳಿಗೆ ನೆರವಾಗಿ, 1942ರಲ್ಲಿ ತನ್ನದೇ ಸೇನೆಯ ಕೈಯಲ್ಲಿ ಸತ್ತವನು. ಸಾಕ್ಷಿಯೊಬ್ಬರು ಅವನ ಹೆಸರು ಹೇಳಿದಾಗ ನ್ಯಾಯಾಲಯದಲ್ಲಿ ಕವಿದ ಮೌನವನ್ನು ಆರೆಂಟ್ ಬರೆದಿರುವ ಪುಟಗಳನ್ನು ಓದಿದವರು, ಅವರಿಗೆ ಹೃದಯವಿರಲಿಲ್ಲ ಎಂದು ಹೇಳಲಾರರು.

ಅವರು ಐಕ್‌ಮನ್‌ನನ್ನು ಸಮರ್ಥಿಸಿದರೇ?

ಅವನನ್ನು ಗಲ್ಲಿಗೇರಿಸಬೇಕು ಎಂದೇ ಬರೆದರು. ಭೂಮಿಯನ್ನು ಯಾರೊಂದಿಗೆ ಹಂಚಿಕೊಳ್ಳಬೇಕು, ಯಾರೊಂದಿಗೆ ಬೇಡ ಎಂದು ತೀರ್ಮಾನಿಸುವ ಹಕ್ಕು ತಮಗಿದೆ ಎಂಬಂತೆ ನಡೆದುಕೊಂಡವನೊಂದಿಗೆ ಭೂಮಿಯನ್ನು ಹಂಚಿಕೊಳ್ಳಬೇಕೆಂದು ಯಾರಿಂದಲೂ ನಿರೀಕ್ಷಿಸಲಾಗದು, ಆ ಕಾರಣಕ್ಕೇ ನೀನು ಸಾಯಬೇಕು ಎಂಬುದು ಅವರ ವಾದದ ತಿರುಳು. ‘ಯಂತ್ರದ ಒಂದು ಸಣ್ಣ ಹಲ್ಲು ನಾನು’ ಎಂಬ ಸಮಜಾಯಿಷಿಯನ್ನು ಅವರು ಒಪ್ಪಲಿಲ್ಲ. ನ್ಯಾಯಾಲಯ ವಿಚಾರಿಸುವುದು ಮನುಷ್ಯನನ್ನು, ಯಂತ್ರವನ್ನಲ್ಲ.

ಮತ್ತೆ ಅಷ್ಟೊಂದು ಸಿಟ್ಟು ಏಕೆ?

ಮುಖ್ಯ ಕಾರಣ ಯಹೂದಿ ಮಂಡಳಿಗಳ ಕುರಿತ ಕೆಲವು ಪುಟಗಳು. ನಾಜಿಗಳು ತಾವು ವಶಪಡಿಸಿಕೊಂಡ ಊರುಗಳಲ್ಲಿ ಯಹೂದಿ ಮುಖಂಡರ ಮಂಡಳಿಗಳನ್ನು ರಚಿಸಿ, ಅವುಗಳ ಮೂಲಕ ಹೆಸರುಪಟ್ಟಿ, ಆಸ್ತಿ ವಿವರ ಸಂಗ್ರಹಿಸುತ್ತಿದ್ದರು, ಗಡೀಪಾರಿಗೆ ಜನರನ್ನು ಗೊತ್ತುಮಾಡಿಸುತ್ತಿದ್ದರು. ಈ ಮುಖಂಡರ ಪಾತ್ರ ಇಡೀ ಕರಾಳ ಕಥೆಯಲ್ಲೇ ಅತ್ಯಂತ ಕರಾಳ ಅಧ್ಯಾಯ ಎಂದು ಆರೆಂಟ್ ಬರೆದರು. ಯಹೂದಿಗಳಿಗೆ ಸಂಘಟನೆಯೂ ನಾಯಕರೂ ಇಲ್ಲದಿದ್ದಿದ್ದರೆ ಗೊಂದಲ, ಸಂಕಟ ಎಲ್ಲ ಇರುತ್ತಿತ್ತು, ಆದರೆ ಸತ್ತವರ ಸಂಖ್ಯೆ ಅಷ್ಟಾಗುತ್ತಿರಲಿಲ್ಲ ಎಂದೂ ಸೇರಿಸಿದರು. ಬದುಕುಳಿದವರ ಗಾಯ ಆಗಿನ್ನೂ ಹಸಿಯಾಗಿತ್ತು.

ಇಲ್ಲಿ ನಾನು ಆರೆಂಟ್ ಅವರ ಪರ ನಿಲ್ಲಲಾರೆ. ಮಂಡಳಿಗಳ ಕಥೆ ಊರಿಗೊಂದು ಬಗೆ. ವಾರ್ಸಾದ ಮಂಡಳಿಯ ಅಧ್ಯಕ್ಷ ಆಡಂ ಚೆರ್ನಿಯಾಕೋವ್, ಸಾಮೂಹಿಕ ಗಡೀಪಾರು ಶುರುವಾದ ಮರುದಿನ, 1942ರ ಜುಲೈ 23ರಂದು ವಿಷ ಸೇವಿಸಿ ಪ್ರಾಣಬಿಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪೋಲೆಂಡಿನದೇ ಇನ್ನೊಂದು ಊರಾದ ವುಡ್ಜ್‌ನ ಮಂಡಳಿಯ ಅಧ್ಯಕ್ಷ ಹಯೀಂ ರುಮ್ಕೋವ್‌ಸ್ಕಿ, ಉಳಿದವರನ್ನು ಉಳಿಸಲು ನಿಮ್ಮ ಮಕ್ಕಳನ್ನು ಒಪ್ಪಿಸಿ ಎಂದು ತಂದೆ ತಾಯಿಯರ ಮುಂದೆ ಗೋಗರೆದರು. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ. ಇಬ್ಬರ ಪ್ರಸ್ತಾಪವೂ ಆರೆಂಟ್ ಪುಸ್ತಕದಲ್ಲಿದೆ. ಆದರೆ ಕೊರಳಿಗೆ ಕತ್ತಿ ಇಟ್ಟಾಗ ಮಾಡಿದ ಆಯ್ಕೆಗಳನ್ನು ತೂಗಲು ಬೇಕಾದ ತಾಳ್ಮೆ ಆ ವಾಕ್ಯಗಳಲ್ಲಿ ಇಲ್ಲ. ಬರ್ಲಿನ್‌ನ ಗೌರವಾನ್ವಿತ ಧರ್ಮಗುರು ಲಿಯೋ ಬೆಕ್ ಅವರನ್ನು ಕುರಿತು ಮೊದಲು ಬಳಸಿದ್ದ ‘ಯಹೂದಿ ಫ್ಯೂರರ್’ (ಫ್ಯೂರರ್, ಅಂದರೆ ನಾಯಕ, ಹಿಟ್ಲರನ ಬಿರುದು) ಎಂಬ ಮಾತನ್ನು ಮುಂದಿನ ಆವೃತ್ತಿಯಲ್ಲಿ ತೆಗೆದರು, ಮೊದಲೇ ಬರೆಯಬಾರದಿತ್ತು.

ಚಿತ್ರ ಈ ಭಾಗವನ್ನು ಮೃದುವಾಗಿ ದಾಟಿಸುತ್ತದೆ. ಆರೆಂಟ್ ಅವರನ್ನು ಬೈಯುವವರೆಲ್ಲ ಪುಸ್ತಕ ಓದದವರು ಎಂಬ ಭಾವನೆ ನೋಡುಗರಲ್ಲಿ ಉಳಿಯುತ್ತದೆ. ಓದಿ ನೊಂದವರೂ ಬಹಳ ಮಂದಿ ಇದ್ದರು.

ಆರೆಂಟ್ ಐಕ್‌ಮನ್‌ನ ನಾಟಕಕ್ಕೆ ಮರುಳಾದರೇ?

ಈಗ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ. 1957ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಲೆಮ್ ಸಾಸೆನ್ ಎಂಬ ಮಾಜಿ ನಾಜಿ ಪತ್ರಕರ್ತ ಐಕ್‌ಮನ್‌ನ ಮಾತುಗಳನ್ನು ಟೇಪಿನಲ್ಲಿ ಧ್ವನಿಮುದ್ರಿಸಿದ್ದ. ತನ್ನವರ ನಡುವೆ, ಭಯವಿಲ್ಲದೆ ಆಡಿದ ಮಾತುಗಳವು. 1.03 ಕೋಟಿ ಯಹೂದಿಗಳನ್ನೂ ಕೊಂದಿದ್ದರೆ ತನಗೆ ತೃಪ್ತಿಯಾಗುತ್ತಿತ್ತು ಎಂದು ಅವನು ಅಲ್ಲಿ ಹೇಳುತ್ತಾನೆ. ಜರ್ಮನ್ ತತ್ವಜ್ಞಾನಿ ಬೆಟಿನಾ ಸ್ಟಾಂಗ್ನೆಟ್ 2011ರಲ್ಲಿ ಈ ದಾಖಲೆಗಳನ್ನು ಆಧರಿಸಿ, ಜೆರುಸಲೇಮಿನ ಪೆದ್ದು ಗುಮಾಸ್ತ ಬರೀ ವೇಷ ಎಂದು ತೋರಿಸಿದರು. ಇನ್ನೂ ಒಂದು ಮಾತಿದೆ: ಆರೆಂಟ್ ವಿಚಾರಣೆಯಲ್ಲಿ ಉದ್ದಕ್ಕೂ ಕುಳಿತಿರಲಿಲ್ಲ. ಅಭಿಯೋಜಕ ಗಿಡಿಯನ್ ಹೌಸ್ನರ್ ಜುಲೈನಲ್ಲಿ ಐಕ್‌ಮನ್‌ನನ್ನು ಪಾಟೀಸವಾಲಿಗೆ ಒಳಪಡಿಸಿದಾಗ ಅವರು ಜೆರುಸಲೇಮಿನಲ್ಲಿ ಇರಲಿಲ್ಲ. ಆ ಭಾಗವನ್ನು ದಾಖಲೆಗಳಿಂದ ಓದಿಕೊಂಡರು.

ಹಂಗರಿಯ ಕಥೆಯೂ ಇದೆ. 1944ರಲ್ಲಿ ಎಂಟೇ ವಾರಗಳಲ್ಲಿ ಅಲ್ಲಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಸಾಗಿಸಲಾಯಿತು. ಹಂಗರಿಯ ಆಡಳಿತಗಾರ ರೈಲುಗಳನ್ನು ನಿಲ್ಲಿಸಿದ ಮೇಲೂ ಐಕ್‌ಮನ್ ಪಟ್ಟುಬಿಡದೆ ಮತ್ತೊಂದು ರೈಲನ್ನು ಹೊರಡಿಸಿದ. ಬರೀ ಆಜ್ಞಾಪಾಲಕನ ನಡತೆ ಇದಲ್ಲ.

ಹಾಗಾಗಿ ನನ್ನ ಉತ್ತರ ಹೀಗೆ: ಮನುಷ್ಯನನ್ನು ಅಳೆಯುವಲ್ಲಿ ಆರೆಂಟ್ ಎಡವಿದರು. ಅವನಿಗೆ ಕಟ್ಟಾ ನಂಬಿಕೆಗಳಿದ್ದವು, ತಾನು ಮಾಡಿದ್ದರ ಬಗ್ಗೆ ಹೆಮ್ಮೆಯೂ ಇತ್ತು. ಆದರೆ ಅವರು ಕಂಡುಕೊಂಡ ವಿಚಾರ ಅದರಿಂದ ಬಿದ್ದುಹೋಗುವುದಿಲ್ಲ. ಕಟ್ಟಾ ನಂಬಿಕೆಯೇ ಯೋಚನೆಯ ಬಾಗಿಲನ್ನು ಮುಚ್ಚಿಬಿಡಬಲ್ಲದು. ಸ್ಟೋರ್ಫರ್ ಅವರ ಕೈಕುಲುಕಿ ಸಂತೋಷಪಟ್ಟ ಮನುಷ್ಯನನ್ನು ‘ದ್ವೇಷಿ’ ಎಂಬ ಒಂದೇ ಮಾತಿನಿಂದ ವಿವರಿಸಿ ಮುಗಿಸಲು ಆಗುವುದಿಲ್ಲ.

ಹೈಡೆಗರ್ ಪ್ರಸಂಗವನ್ನು ಏಕೆ ತಂದಿದ್ದಾರೆ?

ಯೋಚಿಸುವುದನ್ನು ಆರೆಂಟ್ ಕಲಿತದ್ದು ಯಾರಿಂದಲೋ ಅದೇ ಗುರು 1933ರಲ್ಲಿ ನಾಜಿ ಪಕ್ಷ ಸೇರಿದರು. ಮಾರ್ಬುರ್ಗ್‌ನಲ್ಲಿ ಇಬ್ಬರ ನಡುವೆ ಪ್ರೇಮವೂ ಇತ್ತು. ಯೋಚನೆಯೇ ಕೆಡುಕಿಗೆ ತಡೆ ಎನ್ನುವುದಾದರೆ, ಆ ಕಾಲದ ಮಹಾನ್ ಚಿಂತಕನನ್ನು ಯೋಚನೆ ಏಕೆ ತಡೆಯಲಿಲ್ಲ? ಆರೆಂಟ್ ಅವರ ವಾದಕ್ಕೆ ಇದಕ್ಕಿಂತ ಕಠಿಣ ಆಕ್ಷೇಪ ಮತ್ತೊಂದಿಲ್ಲ. ಚಿತ್ರ ಈ ನೆನಪುಗಳನ್ನು ಪ್ರೇಮಕಥೆಯ ಬೆಳಕಿನಲ್ಲೇ ತೋರಿಸಿ ಬಿಡುತ್ತದೆ. ಪ್ರಶ್ನೆಯನ್ನು ಎದುರಾಬದುರು ನಿಲ್ಲಿಸುವುದಿಲ್ಲ. ನನಗೆ ಚಿತ್ರದ ದುರ್ಬಲ ಭಾಗ ಎನಿಸಿದ್ದು ಇದೇ.

ಸ್ನೇಹಿತರು ದೂರವಾದದ್ದು ನಿಜವೇ?

ನಿಜ, ಆದರೆ ಚಿತ್ರ ತೋರಿಸಿದಷ್ಟು ನೇರವಾಗಿ ಅಲ್ಲ. ಸಾವಿನ ಹಾಸಿಗೆಯಲ್ಲಿರುವ ಹಿರಿಯ ಗೆಳೆಯ ಕುರ್ಟ್ ಬ್ಲೂಮೆನ್‌ಫೆಲ್ಡ್, ನಿನಗೆ ನಮ್ಮ ಜನರ ಮೇಲೆ ಪ್ರೀತಿ ಇಲ್ಲವೇ ಎಂದು ಕೇಳುವ ದೃಶ್ಯವಿದೆ. ತಾನು ಯಾವ ಜನಾಂಗವನ್ನೂ ಪ್ರೀತಿಸಿಲ್ಲ, ಪ್ರೀತಿಸುವುದು ಗೆಳೆಯರನ್ನು ಮಾತ್ರ ಎಂದು ಆರೆಂಟ್ ಉತ್ತರಿಸುತ್ತಾರೆ. ಬ್ಲೂಮೆನ್‌ಫೆಲ್ಡ್ ಮುಖ ತಿರುಗಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಈ ಮಾತುಕತೆ ನಡೆದದ್ದು ವಿದ್ವಾಂಸ ಗೆರ್ಶಮ್ ಶೋಲೆಮ್ ಜೊತೆ, 1963ರ ಪತ್ರಗಳಲ್ಲಿ. ಕೆಡುಕಿಗೆ ಆಳವಿಲ್ಲ, ಅದು ಬೂಷ್ಟಿನಂತೆ ಮೇಲ್ಮೈಯಲ್ಲಿ ಹಬ್ಬುತ್ತದೆ, ಆಳ ಇರುವುದು ಒಳಿತಿಗೆ ಮಾತ್ರ ಎಂಬ ಪ್ರಸಿದ್ಧ ಮಾತು ಬರುವುದೂ ಅದೇ ಪತ್ರದಲ್ಲಿ. ಕಾಗದದ ಮೇಲಿನ ವಾಗ್ವಾದವನ್ನು ಮಂಚದ ಪಕ್ಕಕ್ಕೆ ತಂದದ್ದು ಸಿನಿಮಾ ದೃಷ್ಟಿಯಿಂದ ಸಮರ್ಥ ಬದಲಾವಣೆ.

ಹನ್ಸ್ ಯೋನಾಸ್ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ ಅಗತ್ಯ. ಮಾರ್ಬುರ್ಗ್ ಕಾಲದಿಂದ ಜೊತೆಗಿದ್ದ ಈ ಗೆಳೆಯ ಚಿತ್ರದ ಕೊನೆಯಲ್ಲಿ ಸಂಬಂಧ ಕಡಿದುಕೊಂಡು ಹೊರನಡೆಯುತ್ತಾರೆ. ನಿಜಜೀವನದಲ್ಲಿ ಆ ಮುನಿಸು ಮುಂದೆ ಕರಗಿತು, ಇಬ್ಬರೂ ಮತ್ತೆ ಒಂದಾದರು. 1975ರ ಡಿಸೆಂಬರಿನಲ್ಲಿ ಆರೆಂಟ್ ತೀರಿಕೊಂಡಾಗ ಅವರ ಅಂತಿಮ ವಿದಾಯದ ಸಭೆಯಲ್ಲಿ ಯೋನಾಸ್ ಮಾತಾಡಿದರು.

ಚಿತ್ರದ ತುಂಬ ಅಷ್ಟೊಂದು ಸಿಗರೇಟು ಏಕೆ?

ಆರೆಂಟ್ ನಿಜಕ್ಕೂ ಎಡೆಬಿಡದೆ ಸೇದುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಯೋಚಿಸುವುದನ್ನು ತೆರೆಯ ಮೇಲೆ ತೋರಿಸುವುದು ಹೇಗೆ ಎಂಬ ಕಷ್ಟಕ್ಕೆ ನಿರ್ದೇಶಕಿ ಕಂಡುಕೊಂಡ ದಾರಿ ಅದು. ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ, ಬೆರಳ ನಡುವೆ ಸಿಗರೇಟು ಉರಿಯುತ್ತಿರುವಾಗ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಪತ್ರಿಕೆಯ ಕಚೇರಿಯಿಂದ ಬರಹ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಾರೆ. ಇವರು ಅವಸರ ಮಾಡುವುದಿಲ್ಲ. ಆರೆಂಟ್ ಪಾತ್ರ ಮಾಡಿದ ಬಾರ್ಬರಾ ಸುಕೋವಾ ಅವರ ಮುಖದಲ್ಲಿ ಒಂದು ವಿಚಾರ ಹುಟ್ಟಿ, ಅನುಮಾನಕ್ಕೆ ಸಿಕ್ಕಿ, ಮತ್ತೆ ಮೂಡುವುದನ್ನು ನೋಡಲು ಸಾಧ್ಯವಾಗುವುದು ಈ ನಿಧಾನದಿಂದ. ಈ ಪಾತ್ರಕ್ಕೆ ಅವರಿಗೆ 2013ರ ಜರ್ಮನ್ ಚಲನಚಿತ್ರ ಪ್ರಶಸ್ತಿ ಬಂತು. ಇದೇ ನಿರ್ದೇಶಕಿಯ ರೋಸಾ ಲುಕ್ಸೆಂಬರ್ಗ್ ಚಿತ್ರಕ್ಕೆ 1986ರಲ್ಲಿ ಕಾನ್ ಚಿತ್ರೋತ್ಸವದಲ್ಲೂ ಶ್ರೇಷ್ಠ ನಟಿ ಪ್ರಶಸ್ತಿ ಪಡೆದಿದ್ದರು.

ಕೊನೆಯ ಭಾಷಣವನ್ನು ಆರೆಂಟ್ ನಿಜವಾಗಿ ಮಾಡಿದ್ದರೇ?

ಆ ರೂಪದಲ್ಲಿ ಅಲ್ಲ. ಅವರ ಬರಹಗಳ ವಿಚಾರಗಳನ್ನು ಒಟ್ಟುಗೂಡಿಸಿ ಚಿತ್ರಕಥೆಗಾಗಿ ಕಟ್ಟಿದ ಭಾಷಣ. ಆದರೂ ವಿದ್ಯಾರ್ಥಿಗಳು ತುಂಬಿದ ಆ ಸಭಾಂಗಣದಲ್ಲಿ, ಅರ್ಥಮಾಡಿಕೊಳ್ಳಲು ಯತ್ನಿಸುವುದು ಕ್ಷಮಿಸುವುದಕ್ಕೆ ಸಮವಲ್ಲ ಎಂದು ಅವರು ವಾದಿಸುವಾಗ ಮೈ ನವಿರೇಳುತ್ತದೆ.

ತತ್ವಶಾಸ್ತ್ರ ಓದದವರು ನೋಡಬಹುದೇ?

ಖಂಡಿತ. ಆರೆಂಟ್ ಅವರೇ ತಮ್ಮನ್ನು ತತ್ವಜ್ಞಾನಿ ಎಂದು ಕರೆದುಕೊಳ್ಳಲು ಒಪ್ಪುತ್ತಿರಲಿಲ್ಲ. ತಮ್ಮ ಕ್ಷೇತ್ರ ರಾಜಕೀಯ ಚಿಂತನೆ ಎನ್ನುತ್ತಿದ್ದರು. ಅವಧಿ 113 ನಿಮಿಷ. ಸಂಭಾಷಣೆ ಜರ್ಮನ್ ಮತ್ತು ಇಂಗ್ಲಿಷ್‌ನಲ್ಲಿದೆ: ಮನೆಯಲ್ಲಿ ಹಳೆಯ ಗೆಳೆಯರು ಜರ್ಮನ್‌ನಲ್ಲಿ ಜಗಳವಾಡುತ್ತಾರೆ, ಲೇಖಕಿ ಮೇರಿ ಮೆಕಾರ್ಥಿ ಜೊತೆಗಿನ ಹರಟೆ ಇಂಗ್ಲಿಷ್‌ನಲ್ಲಿ. ಶಿಬಿರದ ಹಿಂಸೆಯ ದೃಶ್ಯಗಳಿಲ್ಲ. ಆದರೆ ವಿಚಾರಣೆಯಲ್ಲಿ ಬದುಕುಳಿದವರು ನುಡಿಯುವ ಸಾಕ್ಷ್ಯಗಳು ನಿಜವಾದವು, ಕೇಳುವುದು ಕಷ್ಟ. ಪ್ರೌಢಶಾಲೆ ದಾಟಿದ ಮಕ್ಕಳೊಂದಿಗೆ ಕುಳಿತು ನೋಡಿದರೆ ಒಳ್ಳೆಯದು.

ನೋಡಿದ ಮೇಲೆ ಮುಂದೇನು?

ಮೊದಲು ಗ್ಯುಂಟರ್ ಗೌಸ್ 1964ರಲ್ಲಿ ಆರೆಂಟ್ ಅವರೊಂದಿಗೆ ನಡೆಸಿದ ಟಿವಿ ಸಂದರ್ಶನವನ್ನು ನೋಡಿ, ಅಂತರ್ಜಾಲದಲ್ಲಿ ಸಿಗುತ್ತದೆ. ಸುಕೋವಾ ಎಷ್ಟನ್ನು ಅನುಕರಿಸದೆ ಬಿಟ್ಟಿದ್ದಾರೆ ಎಂಬುದೂ ಆಗ ಗೊತ್ತಾಗುತ್ತದೆ. ಐಕ್‌ಮನ್ ವಿಚಾರಣೆಯ ಮೂಲ ದೃಶ್ಯಗಳನ್ನು ಯಹೂದಿ ನರಮೇಧದ ಸ್ಮಾರಕ ಸಂಸ್ಥೆಯಾದ ಯಾದ್ ವಾಶೆಮ್ ಮತ್ತು ಇಸ್ರೇಲಿನ ರಾಜ್ಯ ಪತ್ರಾಗಾರ 2011ರಲ್ಲಿ ಯೂಟ್ಯೂಬ್‌ನಲ್ಲಿ ಹಾಕಿವೆ. ಆರೆಂಟ್ ಪುಸ್ತಕವನ್ನು ಪೂರ್ತಿ ಓದಲು ಬಿಡುವಿಲ್ಲದವರು ಡೆನ್ಮಾರ್ಕಿನ ಕುರಿತ ಪುಟಗಳನ್ನಾದರೂ ಓದಿ. 1943ರ ಶರತ್ಕಾಲದಲ್ಲಿ ಡೇನರು ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದರು. ಜನರ ಬಹಿರಂಗ ವಿರೋಧ ಎದುರಾದಾಗ ಅಲ್ಲಿದ್ದ ಜರ್ಮನ್ ಅಧಿಕಾರಿಗಳ ಕಾಠಿಣ್ಯವೂ ಸಡಿಲವಾಯಿತು ಎಂದು ಆರೆಂಟ್ ಗುರುತಿಸುತ್ತಾರೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಈ ಕಥೆಯನ್ನು ಕಡ್ಡಾಯ ಪಾಠವಾಗಿ ಇಡಬೇಕೆಂಬುದು ಅವರ ಆಸೆಯಾಗಿತ್ತು.